ಯಾದಗಿರಿಯ ಜಿಲ್ಲಾ ಪಂಚಾಯಿತಿ ಅಭ್ಯರ್ಥಿ ಮೊದಲು ನೋಡಬೇಕಾದದ್ದು ನಲ್ಲಿ, ಆಮೇಲೆ ಉಳಿದದ್ದು

ಯಾದಗಿರಿ ಜಿಲ್ಲೆಯಲ್ಲಿ ಜಿಲ್ಲಾ ಪಂಚಾಯಿತಿಗೆ ನಿಲ್ಲಬೇಕೆಂದಿರುವವರ ಕರಪತ್ರದಲ್ಲಿ ಏನಿರುತ್ತದೆಂದು ಓದದೆಯೂ ಹೇಳಬಹುದು. ಹೆದ್ದಾರಿಗೆ ಸೇರುವ ಡಾಂಬರು ರಸ್ತೆ, ಪದವಿ ಕಾಲೇಜು, ಕಾಲುವೆಯ ಕೊನೆಯ ಹೊಲಕ್ಕೂ ನೀರು, ಗುಳೆಗೆ ತಡೆ. ಇದರಲ್ಲಿ ಹೆಚ್ಚಿನದು ಆ ಕುರ್ಚಿಯ ಕೈಗೆ ಸಿಗುವುದೇ ಇಲ್ಲ. ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಯದು, ಕಾಲೇಜು ರಾಜ್ಯ ಸರ್ಕಾರದ್ದು, ನಾರಾಯಣಪುರ ಎಡದಂಡೆ ಕಾಲುವೆ ಕೃಷ್ಣಾ ಭಾಗ್ಯ ಜಲ ನಿಗಮದ್ದು. ಇವಕ್ಕೆ ಸದಸ್ಯರು ಪತ್ರ ಬರೆಯಬಹುದು, ಅಷ್ಟೆ. ಲೆಕ್ಕ ಕೇಳುವ ಹಕ್ಕಿರುವುದು ಕುಡಿಯುವ ನೀರು, ಹಳ್ಳಿ ರಸ್ತೆ, ಶಾಲಾ ಕಟ್ಟಡ, ಅಂಗನವಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಬಗ್ಗೆ. ಅದೇನು ಕಡಿಮೆಯಲ್ಲ.

ಈ ಕುರ್ಚಿಗೆ ಒಂದು ಕಾಲದಲ್ಲಿ ಇನ್ನೂ ಹೆಚ್ಚು ತೂಕವಿತ್ತು. ರಾಮಕೃಷ್ಣ ಹೆಗಡೆ ಸರ್ಕಾರದ 1983ರ ಕಾಯ್ದೆಯಂತೆ 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆದಾಗ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಇತ್ತು. ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಸೇವಾ ಹಿರಿತನದಲ್ಲಿ ಜಿಲ್ಲಾಧಿಕಾರಿಗಿಂತ ಮೇಲು. ಇದರ ಹಿಂದಿದ್ದ ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬ್ ಊರೂರಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡರು. ಆ ಅವಧಿ ಮುಗಿದ ಮೇಲೆ ಪರಿಷತ್ತುಗಳು ಆಡಳಿತಾಧಿಕಾರಿಗಳ ಕೈಗೆ ಹೋದವು. 1993ರ ಕಾಯ್ದೆ ಬಂದು, 1995ರಲ್ಲಿ ಜಿಲ್ಲಾ ಪಂಚಾಯಿತಿಗೆ ಮತ್ತೆ ಚುನಾವಣೆ ನಡೆಯಿತು. ಹೆಸರು ಬದಲಾದಂತೆ ತೂಕವೂ ಇಳಿದಿತ್ತು.

ಪ್ರಾದೇಶಿಕ ಅಸಮತೋಲನದ ಕುರಿತ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. 35 ಸೂಚಕಗಳನ್ನು ಹಿಡಿದು ಆಗಿನ 175 ತಾಲ್ಲೂಕುಗಳನ್ನು ಅಳೆದು, 114ನ್ನು ಹಿಂದುಳಿದವೆಂದೂ ಅದರಲ್ಲಿ 39ನ್ನು ‘ಅತ್ಯಂತ ಹಿಂದುಳಿದವು’ ಎಂದೂ ಗುರುತಿಸಿತು. ಯಾದಗಿರಿ, ಶಹಾಪುರ, ಸುರಪುರ ಮೂರೂ ಆ 39ರಲ್ಲಿದ್ದವು. ಈ ಮೂರನ್ನು ಕಲಬುರಗಿಯಿಂದ ಬೇರ್ಪಡಿಸಿ ಪ್ರತ್ಯೇಕ ಜಿಲ್ಲೆ ಮಾಡಲಾಯಿತು. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಸುಮಾರು ಶೇ 52, ರಾಜ್ಯದಲ್ಲೇ ಕಡಿಮೆ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, ಅಭಿವೃದ್ಧಿ ಮಂಡಳಿಯೂ ಬಂತು. ಹಣ ಬಂದಿಲ್ಲವೆನ್ನುವಂತಿಲ್ಲ. ಬಂದ ಹಣ ಹೊಸ ಕಟ್ಟಡ, ಹೊಸ ರಸ್ತೆಗೆ ಹೋದಷ್ಟು ಸುಲಭವಾಗಿ ಹಳೆಯ ಮೋಟರಿನ ರಿಪೇರಿಗೆ ಹೋಗುವುದಿಲ್ಲ. ರಿಪೇರಿಗೆ ಶಂಕುಸ್ಥಾಪನೆ ಮಾಡಲು ಬರುವುದಿಲ್ಲವಲ್ಲ!

ಅದರ ಮೇಲೆ ಖಾಲಿ ಕುರ್ಚಿಯ ಕಥೆ. 2016ರ ಫೆಬ್ರುವರಿಯಲ್ಲಿ ಆಯ್ಕೆಯಾದವರ ಅವಧಿ 2021ರಲ್ಲಿ ಮುಗಿಯಿತು. ಅವಧಿ ಮುಗಿಯುವ ಮುನ್ನವೇ ಚುನಾವಣೆ ಆಗಬೇಕೆಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಆದರೆ ಅದೇ ವರ್ಷ ಕ್ಷೇತ್ರ ಮರುವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೆ ಆಯೋಗಕ್ಕೆ ಕೊಡಲಾಯಿತು. ಅಲ್ಲಿಂದ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಹೈಕೋರ್ಟ್ ಎಂದು ವರ್ಷಗಳು ಉರುಳಿದವು. ಇದರ ಪೆಟ್ಟು ನೇರವಾಗಿ ಬಿದ್ದದ್ದು ಹಣದ ಮೇಲೆ. 15ನೇ ಹಣಕಾಸು ಆಯೋಗದ ಅನುದಾನಕ್ಕೆ ಚುನಾಯಿತ ಮಂಡಳಿ ಇರಬೇಕೆಂಬ ಷರತ್ತಿತ್ತು. ಆ ಅನುದಾನದಲ್ಲಿ ಶೇ 60 ಭಾಗ ನೀರು, ನೈರ್ಮಲ್ಯಕ್ಕೇ ಮೀಸಲು. ಮಂಡಳಿ ಇಲ್ಲದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಪಾಲಿಗೆ ತಡೆ ಬಿತ್ತು.

ಈಗ ನೀರಿಗೆ ಬರೋಣ, ಏಕೆಂದರೆ ಆದ್ಯತೆಯ ಮೊದಲ ಸಾಲು ಇದೇ ಆಗಬೇಕು. ಕೃಷ್ಣೆ, ಭೀಮೆ ಎರಡೂ ಹರಿಯುವ ಜಿಲ್ಲೆ ಇದು. ಆದರೂ ಹಳ್ಳಿಗಳು ಹೆಚ್ಚಾಗಿ ನಂಬಿದ್ದು ಕೊಳವೆಬಾವಿಯನ್ನು. ಬಾವಿ ಆಳಕ್ಕಿಳಿದಂತೆ ಕಲ್ಲಿನೊಳಗಿನ ಫ್ಲೋರೈಡ್ ನೀರಿಗೆ ಬಂತು. ಲೀಟರಿಗೆ 1 ಮಿಲಿಗ್ರಾಂವರೆಗೆ ಸರಿ, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ನಡೆದೀತು ಎನ್ನುತ್ತದೆ ಭಾರತೀಯ ಮಾನಕ. ಅದಕ್ಕೂ ಮೇಲಿನದನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ದೊಡ್ಡವರ ಮೊಣಕಾಲು, ಬೆನ್ನು ಬಿಗಿಯುತ್ತವೆ. ಚಿನ್ನದ ಅದಿರಿನ ಕಲ್ಲಿರುವ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಆರ್ಸೆನಿಕ್ಕೇ ಸಿಕ್ಕಿತು. ಅಂಗೈ, ಅಂಗಾಲು ಗಟ್ಟಿಯಾಗಿ ಚರ್ಮದ ಮೇಲೆ ಕಲೆ ಬಿದ್ದವು.

ಪರಿಹಾರವೆಂದು ಬಂದದ್ದು ಶುದ್ಧ ನೀರಿನ ಘಟಕ. ನಾಣ್ಯ ಹಾಕಿದರೆ ಕೊಡ ತುಂಬುವ ಆ ಪುಟ್ಟ ಕೋಣೆಯೊಳಗಿನ ಕೆಲಸ ಸರಳ. ಮರಳಿನ ಫಿಲ್ಟರ್, ಇದ್ದಿಲಿನ ಫಿಲ್ಟರ್, ನೂಲಿನ ಕ್ಯಾಂಡಲ್, ಕೊನೆಗೆ ಕರಗಿದ ಲವಣಗಳನ್ನು ತಡೆಯುವ ಆರ್‌ಒ ಪೊರೆ. ಮೊದಲೆರಡನ್ನು ದಿನವೂ ಉಲ್ಟಾ ನೀರು ಬಿಟ್ಟು ತೊಳೆಯಬೇಕು. ಕ್ಯಾಂಡಲ್ ಕಪ್ಪಾದೊಡನೆ ಬದಲಿಸಬೇಕು. ಪೊರೆಯ ಮೇಲೆ ಸುಣ್ಣ ಕಟ್ಟದಂತೆ ರಾಸಾಯನಿಕದ ಹನಿ ಬೀಳುತ್ತಲೇ ಇರಬೇಕು. ಗುತ್ತಿಗೆಯವರ ನಿರ್ವಹಣಾ ಅವಧಿ ಮುಗಿದ ಮೇಲೆ ಮೊದಲು ನಿಲ್ಲುವುದು ಈ ಹನಿ. ಕೆಲವೇ ತಿಂಗಳಲ್ಲಿ ಪೊರೆ ಕಟ್ಟಿಕೊಂಡು ಉತ್ಪಾದನೆ ಇಳಿಯುತ್ತದೆ, ಕೊನೆಗೆ ಬಾಗಿಲಿಗೆ ಬೀಗ. ಒಳಬಂದ ನೀರಿನಲ್ಲಿ ಹೆಚ್ಚುಕಡಿಮೆ ಅರ್ಧ ತ್ಯಾಜ್ಯವಾಗಿ ಹೊರಹೋಗುವ ನೀರು, ಅದರಲ್ಲಿ ಫ್ಲೋರೈಡ್ ಇಮ್ಮಡಿ. ಅದನ್ನು ಅದೇ ಕೊಳವೆಬಾವಿಯ ಪಕ್ಕ ಚರಂಡಿಗೆ ಬಿಡುವ ಊರುಗಳಿವೆ.

ಇಲ್ಲೊಂದು ಮಾತು. ಘಟಕದವರು ಟಿಡಿಎಸ್ ಮೀಟರ್ ಅದ್ದಿ ‘ನೀರು ಸರಿ ಇದೆ’ ಎಂದರೆ ನಂಬಬೇಡಿ. ಅದು ಕರಗಿದ ಲವಣಗಳ ಒಟ್ಟು ಲೆಕ್ಕ ಮಾತ್ರ ಹೇಳುತ್ತದೆ. ಫ್ಲೋರೈಡ್, ಆರ್ಸೆನಿಕ್ ಎಷ್ಟಿದೆ ಎಂಬುದು ಪ್ರಯೋಗಾಲಯದಲ್ಲೇ ತಿಳಿಯಬೇಕು. ಕುದಿಸಿದರೂ ಇವು ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ದಟ್ಟವಾಗುತ್ತವೆ.

ಶಾಶ್ವತ ದಾರಿ ನದಿ ನೀರಿನ ಬಹುಗ್ರಾಮ ಯೋಜನೆ. 2019ರ ಜಲ ಜೀವನ್ ಮಿಷನ್ ಮನೆ ಮನೆಗೆ ನಲ್ಲಿ, ತಲೆಗೆ ದಿನಕ್ಕೆ 55 ಲೀಟರ್ ಎಂದಿತು. ಮೂರು ಸಾವಿರ ಜನರ ಊರಿಗೆ ಅದು 1,65,000 ಲೀಟರ್. 50,000 ಲೀಟರಿನ ಮೇಲ್ತೊಟ್ಟಿಯಾದರೆ ದಿನಕ್ಕೆ ಮೂರು ಬಾರಿ ತುಂಬಿಸಿದರೂ ಸಾಲದು. ಗಂಟೆಗೆ 20,000 ಲೀಟರ್ ಎತ್ತುವ ಪಂಪ್ ಎಂಟು ಗಂಟೆಗೂ ಹೆಚ್ಚು ಓಡಬೇಕು. ಪಂಪನ್ನು ಹೊಲದ ಮೂರು ಫೇಸ್ ಲೈನಿಗೆ ಜೋಡಿಸಿದ್ದರೆ ಅಷ್ಟು ಹೊತ್ತು ಕರೆಂಟ್ ಸಿಗುವುದೇ ಅನುಮಾನ. ಜೆಸ್ಕಾಂನಿಂದ ಕುಡಿಯುವ ನೀರಿಗೆ ಬೇರೆ ಲೈನ್ ಎಳೆಸುವುದು ಹೊಸ ತೊಟ್ಟಿ ಕಟ್ಟಿಸುವುದಕ್ಕಿಂತ ಮುಂಚಿನ ಕೆಲಸ.

ಪೈಪಿನದು ಇನ್ನೊಂದು ಗೋಳು. ಎರೆ ಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುತ್ತದೆ. ಮೇಲುಮೇಲೆ ಹೂತ ಪೈಪಿನ ಜೋಡಣೆ ಸಡಿಲವಾಗಿ ಚರಂಡಿ ನೀರು ಒಳಸೇರುತ್ತದೆ. ಓಣಿಗೊಂದು ವಾಲ್ವ್ ಇಲ್ಲದಿದ್ದರೆ ತಗ್ಗಿನ ಮನೆಗಳಿಗೆ ಧಾರಾಳ, ದಿಬ್ಬದವರಿಗೆ ಬರೀ ಗಾಳಿ. ಆಮೇಲೆ ದಿಬ್ಬದವರು ನಲ್ಲಿಗೆ ಮೋಟರ್ ಹಚ್ಚುತ್ತಾರೆ, ಪಕ್ಕದ ಮನೆಗೂ ನೀರು ನಿಲ್ಲುತ್ತದೆ. ತಾಂಡಾ, ದೊಡ್ಡಿಗಳು ಸಾಮಾನ್ಯವಾಗಿ ಪೈಪಿನ ಕೊನೆಯಲ್ಲೇ ಇರುತ್ತವೆ. ಹಸ್ತಾಂತರ ಪತ್ರಕ್ಕೆ ಗ್ರಾಮ ಪಂಚಾಯಿತಿ ಸಹಿ ಹಾಕಿದ ಮೇಲೆ ಇದೆಲ್ಲ ನೀರಗಂಟಿಯ ತಲೆನೋವು. ಸಂಬಳ ತಿಂಗಳುಗಟ್ಟಲೆ ಬಾಕಿ ಇರುವ ನೀರಗಂಟಿ ವಾಲ್ವ್ ತಿರುಗಿಸಲು ಹೊತ್ತಿಗೆ ಸರಿಯಾಗಿ ಬರಬೇಕೆನ್ನುವುದೂ ಹೇಗೆ?

ಹಾಗಾದರೆ ಗೆದ್ದವರು ಮಾಡಬಹುದಾದದ್ದು? ಜಿಲ್ಲಾ ಪಂಚಾಯಿತಿಯ ಐದು ಸ್ಥಾಯಿ ಸಮಿತಿಗಳಲ್ಲಿ ಹಣಕಾಸು, ಲೆಕ್ಕ ಪರಿಶೋಧನೆ ಮತ್ತು ಯೋಜನಾ ಸಮಿತಿಗೋ, ಶಿಕ್ಷಣ ಮತ್ತು ಆರೋಗ್ಯ ಸಮಿತಿಗೋ ಸೇರುವುದು. ಪಂಚಾಯಿತಿಗಳಿಗೆ ರಾಜ್ಯ ಬಜೆಟ್ ಕೊಡುವ ಹಣದ ಪಟ್ಟಿಯಾದ ಲಿಂಕ್ ಪುಸ್ತಕದಲ್ಲಿ ಸಂಬಳಕ್ಕೆ ಹೋಗಿ ಉಳಿಯುವ ಮೊತ್ತ ಸಣ್ಣದು. ಅದರಲ್ಲಿ ಹೊಸ ಕಾಮಗಾರಿಗೆ ಮುಂಚೆ ದುರಸ್ತಿಗೆ ಸಾಲು ತೆಗೆಸುವುದು. ಇಲಾಖೆಗಳ ಕೆಲಸದ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆಯಲ್ಲಿ ‘ಎಷ್ಟು ನಲ್ಲಿ ಹಾಕಿದ್ದೀರಿ’ ಎಂದರೆ ಎಂಜಿನಿಯರ್ ಸಲೀಸಾಗಿ ಉತ್ತರಿಸುತ್ತಾರೆ. ‘ಎಷ್ಟು ಘಟಕಕ್ಕೆ ಬೀಗ ಬಿದ್ದಿದೆ, ಮಳೆಗಾಲಕ್ಕೆ ಮುಂಚೆ ಮತ್ತು ನಂತರ ಯಾವ ಊರಿನ ನೀರು ಪರೀಕ್ಷೆಯಾಗಿದೆ, ಫಲಿತಾಂಶ ಎಲ್ಲಿ ಅಂಟಿಸಿದ್ದೀರಿ’ ಎಂದು ಊರಿನ ಹೆಸರು ಹಿಡಿದು ಕೇಳಬೇಕು.

ಸಭೆಗೆ ಹೋಗುವ ಮುನ್ನ ಕೊನೆಯ ತಾಂಡಾದ ಕೊನೆಯ ಮನೆಗೆ ಹೋಗಿ ಬರಬೇಕು. ಐದು ಜನರ ಮನೆಗೆ ದಿನಕ್ಕೆ 275 ಲೀಟರ್ ಬೇಕು. ನಲ್ಲಿ ಒಂದೇ ಗಂಟೆ ಬರುವುದಾದರೆ 15 ಲೀಟರಿನ ಕೊಡ ಸುಮಾರು ಮೂರೂಕಾಲು ನಿಮಿಷದಲ್ಲಿ ತುಂಬಬೇಕು. ಕೊಡ ಇಟ್ಟು ಗಡಿಯಾರ ನೋಡಿ, ಹೊತ್ತನ್ನು ಬರೆದುಕೊಂಡು ಅದೇ ಚೀಟಿಯನ್ನು ಸಭೆಯಲ್ಲಿ ಓದಬೇಕು.