ಮೋಸದಾಟ: ಮಂಡಳಿಗಳೇ ಮುಚ್ಚಿಟ್ಟ ಕಾಲದಿಂದ ಇಲ್ಲಿಯವರೆಗೆ

ಇವತ್ತಿನ ಐಸಿಸಿ (ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ) ನಿಯಮ ತುಂಬಾ ಕಟ್ಟುನಿಟ್ಟು. ಬೆಟ್ಟಿಂಗ್ ದಂಧೆಯ ಬುಕ್ಕಿಯೊಬ್ಬ ದುಡ್ಡು ಕೊಡ್ತೀನಿ, ಬೇಕಂತಲೇ ಕೆಟ್ಟದಾಗಿ ಆಡು ಅಂತ ವಾಟ್ಸ್ಆ್ಯಪ್‌ನಲ್ಲಿ ಆಸೆ ತೋರಿಸಿದ, ಆಟಗಾರ ಒಪ್ಪಲಿಲ್ಲ, ದುಡ್ಡೂ ಮುಟ್ಟಲಿಲ್ಲ, ಆದರೆ ಅದನ್ನು ತಿಳಿಸದೆ ಸುಮ್ಮನಿದ್ದುಬಿಟ್ಟ ಅಂದರೆ ಅಷ್ಟಕ್ಕೇ ನಿಷೇಧ. ತಮಾಷೆ ಏನಂದರೆ, ಗೊತ್ತಿದ್ದೂ ಸುಮ್ಮನಿರುವ ಈ ಕೆಲಸವನ್ನು ಬಹಳ ವರ್ಷ ಮಾಡಿಕೊಂಡು ಬಂದವರು ಕ್ರಿಕೆಟ್ ಮಂಡಳಿಗಳೇ.

1994ಕ್ಕೆ ಹೋಗಿ. ಶ್ರೀಲಂಕಾ ಪ್ರವಾಸದಲ್ಲಿ ಮಾರ್ಕ್ ವಾ ಮತ್ತು ಶೇನ್ ವಾರ್ನ್ 'ಜಾನ್' ಎಂಬ ಬುಕ್ಕಿಯಿಂದ ದುಡ್ಡು ತಗೊಂಡರು, ಪಿಚ್ ಹೇಗಿದೆ, ಹವಾಮಾನ ಹೇಗಿದೆ ಅಂತ ಮಾಹಿತಿ ಕೊಟ್ಟರು. ಆಸ್ಟ್ರೇಲಿಯಾ ಮಂಡಳಿಗೆ ಗೊತ್ತಾಗಿ 1995ರ ಆರಂಭದಲ್ಲಿ ಇಬ್ಬರಿಗೂ ದಂಡ ಹಾಕಿತು, ಐಸಿಸಿಯ ಕಿವಿಗೂ ಹಾಕಿತು, ಆಮೇಲೆ ಮಂಡಳಿ, ಐಸಿಸಿ ಎರಡೂ ಸೇರಿ ಬಾಯಿ ಮುಚ್ಚಿಕೊಂಡವು. ಜನರಿಗೆ ಗೊತ್ತಾಗಿದ್ದು 1998ರ ಡಿಸೆಂಬರ್‌ನಲ್ಲಿ, ಅದೂ ಪತ್ರಕರ್ತರಿಂದ. ಅಷ್ಟರಲ್ಲಿ ಪಾಕಿಸ್ತಾನದಲ್ಲಿ ಅಲ್ಲಿನ ಮಾಜಿ ನಾಯಕ ಸಲೀಂ ಮಲಿಕ್ ವಿರುದ್ಧದ ಮೋಸದಾಟದ ವಿಚಾರಣೆಗೆ ಇದೇ ಮಾರ್ಕ್ ವಾ ಹೋಗಿ ಸಾಕ್ಷಿ ಹೇಳಿ ಬಂದಾಗಿತ್ತು, ತನ್ನ ದಂಡದ ಬಗ್ಗೆ ಒಂದು ಮಾತೂ ಆಡದೆ! ಮಲಿಕ್‌ಗೆ ಆಜೀವ ನಿಷೇಧ ಬಂದಿದ್ದು 2000ದಲ್ಲಿ, ನ್ಯಾಯಮೂರ್ತಿ ಕಯ್ಯೂಮ್ ವರದಿಯ ನಂತರ. ನಮ್ಮಲ್ಲೂ ಕಥೆ ಬೇರೆ ಏನಿರಲಿಲ್ಲ. 1997ರಲ್ಲಿ ಮಾಜಿ ಆಟಗಾರ ಮನೋಜ್ ಪ್ರಭಾಕರ್ ಮೋಸದಾಟದ ಆರೋಪ ಮಾಡಿದಾಗ ಬಿಸಿಸಿಐ ನಿವೃತ್ತ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಅವರಿಂದ ವಿಚಾರಣೆ ಮಾಡಿಸಿತು. ಅದರಿಂದ ಏನೂ ಹೊರಬರಲಿಲ್ಲ.

ಹೊರಬಂದಿದ್ದು ಪೊಲೀಸರಿಂದ. 2000ದಲ್ಲಿ ದೆಹಲಿ ಪೊಲೀಸರು ಯಾವುದೋ ಸುಲಿಗೆ ಪ್ರಕರಣದ ಬೆನ್ನು ಹತ್ತಿ ಫೋನ್ ಕದ್ದು ಕೇಳುತ್ತಿದ್ದರು. ಅವರ ಕಿವಿಗೆ ಬಿದ್ದಿದ್ದು ದಕ್ಷಿಣ ಆಫ್ರಿಕಾದ ನಾಯಕ ಹ್ಯಾನ್ಸಿ ಕ್ರೋನಿಯೆ ಮತ್ತು ಬುಕ್ಕಿ ಸಂಜೀವ್ ಚಾವ್ಲಾ ನಡುವಿನ ಮಾತುಕತೆ. ಏಪ್ರಿಲ್ 7ರಂದು ಪೊಲೀಸರು ಇದನ್ನು ಬಹಿರಂಗ ಮಾಡಿದಾಗ ಅಲ್ಲಿನ ಮಂಡಳಿ ತನ್ನ ನಾಯಕನ ಪ್ರಾಮಾಣಿಕತೆಯ ಬಗ್ಗೆ ಪ್ರಶ್ನೆಯೇ ಇಲ್ಲ ಅಂದಿತು. ನಾಲ್ಕೇ ದಿನ. ಏಪ್ರಿಲ್ 11ರ ನಸುಕಿನಲ್ಲಿ ಕ್ರೋನಿಯೆ ತಾನೇ ಫೋನ್ ಮಾಡಿ, ಪೂರ್ತಿ ಪ್ರಾಮಾಣಿಕನಾಗಿರಲಿಲ್ಲ ಅಂತ ಮಂಡಳಿಯ ಮುಖ್ಯಸ್ಥ ಅಲಿ ಬಾಕರ್ ಮುಂದೆ ಒಪ್ಪಿಕೊಂಡ.

ಇದರ ವಿಚಾರಣೆಗೆ ದಕ್ಷಿಣ ಆಫ್ರಿಕಾದಲ್ಲಿ ರಚನೆಯಾದ ಕಿಂಗ್ ಆಯೋಗದ ಮುಂದೆ ಬಂದ ನಾಗಪುರದ ಏಕದಿನ ಪಂದ್ಯದ ಕಥೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕ್ರೋನಿಯೆ ತನ್ನದೇ ತಂಡದ ಇಬ್ಬರಿಗೆ ಒಡ್ಡಿದ ಆಮಿಷ ಇದು: ಹರ್ಷೆಲ್ ಗಿಬ್ಸ್ 20ಕ್ಕಿಂತ ಕಡಿಮೆ ರನ್ನಿಗೆ ಔಟಾದರೆ 15,000 ಡಾಲರ್, ಹೆನ್ರಿ ವಿಲಿಯಮ್ಸ್ ಹತ್ತು ಓವರಿನಲ್ಲಿ 50ಕ್ಕಿಂತ ಜಾಸ್ತಿ ರನ್ ಕೊಟ್ಟರೆ ಅವನಿಗೂ ಅಷ್ಟೇ. ಇಬ್ಬರೂ ಹೂಂ ಅಂದಿದ್ದರು. ಆದರೆ ಗಿಬ್ಸ್ ಬ್ಯಾಟಿಗೆ ಚೆಂಡು ಚೆನ್ನಾಗಿ ಸಿಗತೊಡಗಿ 74 ಹೊಡೆದುಬಿಟ್ಟ, ವಿಲಿಯಮ್ಸ್ ಎರಡನೇ ಓವರಿನಲ್ಲೇ ಭುಜ ನೋಯಿಸಿಕೊಂಡು ಹೊರನಡೆದ. ಒಪ್ಪಂದ ಆಗಿತ್ತು, ಆದರೆ ಆಟದಲ್ಲಿ ಏನೂ ನಡೆಯಲಿಲ್ಲ. ಆ ಪಂದ್ಯದ ವಿಡಿಯೊವನ್ನು ಎಷ್ಟು ಸಲ ತಿರುಗಿಸಿ ನೋಡಿದರೂ ಇದು ಕಾಣುವುದಿಲ್ಲ. ಮೋಸದಾಟ ಹಿಡಿಯುವುದು ಯಾಕೆ ಕಷ್ಟ ಅಂತ ಕೇಳುವವರಿಗೆ ನಾನು ಹೇಳುವ ಉದಾಹರಣೆ ಇದೇ. ಚೆನ್ನಾಗಿ ಆಡಿದವನೂ ಒಪ್ಪಿರಬಹುದು, ಕೆಟ್ಟದಾಗಿ ಆಡಿದವನು ಅಂದು ನಿಜವಾಗಿಯೂ ಕೆಟ್ಟದಾಗಿ ಆಡಿರಬಹುದು.

ಆ ವರ್ಷವೇ ಸಿಬಿಐ ವರದಿ ಬಂತು, ಡಿಸೆಂಬರ್‌ನಲ್ಲಿ ಬಿಸಿಸಿಐ ಅಜರುದ್ದೀನ್ ಮತ್ತು ಅಜಯ್ ಶರ್ಮಾಗೆ ಆಜೀವ ನಿಷೇಧ, ಅಜಯ್ ಜಡೇಜಾ ಮತ್ತು ಆರೋಪ ಮಾಡಿದ್ದ ಪ್ರಭಾಕರ್‌ಗೂ ಐದು ವರ್ಷ ನಿಷೇಧ ಹಾಕಿತು. ಐಸಿಸಿ ಲಂಡನ್ ಪೊಲೀಸ್ ಮುಖ್ಯಸ್ಥರಾಗಿದ್ದ ಪಾಲ್ ಕಾಂಡನ್ ಅವರನ್ನು ಕರೆತಂದು ಭ್ರಷ್ಟಾಚಾರ ನಿಗ್ರಹ ಘಟಕ ಶುರು ಮಾಡಿತು. ಪಂದ್ಯದ ಹೊತ್ತಿನಲ್ಲಿ ಡ್ರೆಸಿಂಗ್ ರೂಮಿಗೆ ಮೊಬೈಲ್ ಇಲ್ಲ, ಹೊರಗಿನವರಿಗೆ ಪ್ರವೇಶ ಇಲ್ಲ, ಹೊಸ ಆಟಗಾರರಿಗೆ ಬುಕ್ಕಿಗಳು ಹೇಗೆ ಹತ್ತಿರ ಬರುತ್ತಾರೆ ಅಂತ ಪಾಠ, ಇದೆಲ್ಲ ಆಮೇಲಿನದು.

ಹಾಗಿದ್ದರೂ 2010ರ ಲಾರ್ಡ್ಸ್ ಟೆಸ್ಟಿನಲ್ಲಿ ಪಾಕಿಸ್ತಾನದ ಬೌಲರ್‌ಗಳು ಮೊದಲೇ ಹೇಳಿದ ಎಸೆತಗಳಲ್ಲಿ ನೋಬಾಲ್ ಹಾಕಿದ್ದನ್ನು ಹಿಡಿದಿದ್ದು ಈ ಘಟಕ ಅಲ್ಲ, ಮಾರುವೇಷದಲ್ಲಿ ಹೋಗಿ 1,50,000 ಪೌಂಡ್ ಕೊಟ್ಟ ಒಂದು ಪತ್ರಿಕೆ. ಐಸಿಸಿ ನಾಯಕ ಸಲ್ಮಾನ್ ಬಟ್, ಬೌಲರ್‌ಗಳಾದ ಆಸಿಫ್, ಆಮಿರ್ ಮೂವರನ್ನೂ ನಿಷೇಧಿಸಿತು. ಇಂಗ್ಲೆಂಡಿನ ನ್ಯಾಯಾಲಯ ಅವರನ್ನು ಜೈಲಿಗೇ ಕಳಿಸಿತು.

ಐಸಿಸಿಗೆ ಬಂಧಿಸುವ ಅಧಿಕಾರ ಇಲ್ಲ, ಫೋನ್ ಕದ್ದು ಕೇಳುವ ಅಧಿಕಾರವೂ ಇಲ್ಲ. ಇರುವುದು ಆಟಗಾರ ಒಪ್ಪಿಕೊಂಡ ನಿಯಮಾವಳಿ ಮಾತ್ರ. ಹಾಗಾಗಿ ಸಾಬೀತು ಮಾಡಲು ಸುಲಭವಾದುದನ್ನೇ ಅದು ಹಿಡಿದುಕೊಂಡಿತು. ಪಂದ್ಯ ಫಿಕ್ಸ್ ಆಯ್ತು ಅಂತ ತೋರಿಸುವುದು ಕಷ್ಟ, ಮೆಸೇಜ್ ಬಂದಿತ್ತು, ತಿಳಿಸಲಿಲ್ಲ ಅಂತ ತೋರಿಸುವುದು ಕಷ್ಟ ಅಲ್ಲ. 2019ರಲ್ಲಿ ಬಾಂಗ್ಲಾದೇಶದ ಶಕೀಬ್ ಅಲ್ ಹಸನ್‌ಗೆ ಎರಡು ವರ್ಷದ ನಿಷೇಧ (ಅದರಲ್ಲಿ ಒಂದು ವರ್ಷ, ಮತ್ತೆ ತಪ್ಪು ಮಾಡಿದರೆ ಮಾತ್ರ ಜಾರಿ) ಬಿದ್ದಿದ್ದು ಹೀಗೆಯೇ. ಅದೇ ವರ್ಷ ಶ್ರೀಲಂಕಾದ ಸನತ್ ಜಯಸೂರ್ಯಗೆ ಎರಡು ವರ್ಷ ನಿಷೇಧ ಬಂದಿದ್ದು ತನಿಖೆಗೆ ಸಹಕರಿಸದೆ ಇದ್ದುದಕ್ಕೆ, ಕೇಳಿದಾಗ ಫೋನ್ ಕೊಡಲಿಲ್ಲ ಅನ್ನುವುದೂ ಅದರಲ್ಲಿ ಸೇರಿತ್ತು. ಇದು ಅನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ. ಆದರೆ ಗಾಳಕ್ಕೆ ಬಿದ್ದದ್ದು ಆಟಗಾರರೇ ಜಾಸ್ತಿ, ಗಾಳ ಹಾಕುವವರ ಹೆಸರು ಅಪರೂಪಕ್ಕೆ ಕೇಳುತ್ತದೆ, ಅಲ್ವಾ?

ತಂಡದ ಮಾಲೀಕರ ಕಡೆಯವರ ಹೆಸರು ಬಂದಾಗ ಮಂಡಳಿ ಹೇಗೆ ನಡೆದುಕೊಂಡಿತು ಅನ್ನುವುದಕ್ಕೆ 2013ರ ಐಪಿಎಲ್ ಇದೆ. ಶ್ರೀಶಾಂತ್ ಸೇರಿ ಮೂವರು ರಾಜಸ್ಥಾನ ಆಟಗಾರರು ಮೇ 16ರಂದು ಬಂಧನವಾದರು, ಸೆಪ್ಟೆಂಬರ್‌ನಲ್ಲಿ ಶ್ರೀಶಾಂತ್‌ಗೆ ಆಜೀವ ನಿಷೇಧವೂ ಆಯಿತು. ಆದರೆ ಚೆನ್ನೈ ತಂಡದ ಗುರುನಾಥ್ ಮೇಯಪ್ಪನ್, ಅಂದರೆ ಆಗಿನ ಬಿಸಿಸಿಐ ಅಧ್ಯಕ್ಷರ ಅಳಿಯ, ಬೆಟ್ಟಿಂಗ್ ವಿಷಯದಲ್ಲಿ ಸಿಕ್ಕಿಬಿದ್ದಾಗ ಮಂಡಳಿ ನೇಮಿಸಿದ ಸಮಿತಿ ಕ್ಲೀನ್ ಚಿಟ್ ಕೊಟ್ಟಿತು. ಆ ಸಮಿತಿಯೇ ಸರಿಯಿಲ್ಲ ಅಂತ ಬಾಂಬೆ ಹೈಕೋರ್ಟ್ ಹೇಳಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಕೊನೆಗೆ 2015ರಲ್ಲಿ ಆ ಕೋರ್ಟ್ ನೇಮಿಸಿದ ಲೋಧಾ ಸಮಿತಿ ಚೆನ್ನೈ ಮತ್ತು ರಾಜಸ್ಥಾನ ಎರಡೂ ತಂಡಗಳನ್ನು ಎರಡು ವರ್ಷ ಹೊರಗಿಟ್ಟಿತು.

ಆಟಗಾರರ ಮೇಲಿನ ಕ್ರಮಗಳೂ ಕೋರ್ಟಿನಲ್ಲಿ ಗಟ್ಟಿಯಾಗಿ ನಿಲ್ಲಲಿಲ್ಲ. ಅಜರ್ ಮೇಲಿನ ನಿಷೇಧವನ್ನು 2012ರಲ್ಲಿ ಆಂಧ್ರಪ್ರದೇಶ ಹೈಕೋರ್ಟ್ ತಳ್ಳಿಹಾಕಿತು. ಶ್ರೀಶಾಂತ್‌ರನ್ನು 2015ರಲ್ಲಿ ದೆಹಲಿ ನ್ಯಾಯಾಲಯ ಕ್ರಿಮಿನಲ್ ಪ್ರಕರಣದಿಂದ ಬಿಟ್ಟಿತು, ಮುಂದೆ ಅವರ ನಿಷೇಧವೂ ಏಳು ವರ್ಷಕ್ಕೆ ಇಳಿಯಿತು.

ಕಾನೂನಿನಲ್ಲೂ ಒಂದು ಕೊರತೆ ಇತ್ತು. 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್‌ನ ಮೋಸದಾಟದ ಬಗ್ಗೆ ಬೆಂಗಳೂರಿನ ಸಿಸಿಬಿ ಪೊಲೀಸರು ಸಾಲುಸಾಲು ಬಂಧನ ಮಾಡಿ ವಂಚನೆಯ ಕೇಸು ಹಾಕಿದ್ದರು. 2022ರ ಜನವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಪಂದ್ಯ ಫಿಕ್ಸ್ ಮಾಡುವುದು ಅಪ್ರಾಮಾಣಿಕತೆ ಇರಬಹುದು, ಆದರೆ ಸೆಕ್ಷನ್ 420ರ ವಂಚನೆ ಆಗಬೇಕಾದರೆ ಯಾರನ್ನಾದರೂ ಮೋಸಗೊಳಿಸಿ ಆಸ್ತಿ ಕೊಡುವಂತೆ ಮಾಡಿರಬೇಕು, ಪ್ರೇಕ್ಷಕ ಟಿಕೆಟ್ ಕೊಂಡಿದ್ದು ತಾನಾಗಿಯೇ ಅಂತ ಕೋರ್ಟ್ ಹೇಳಿತು. ಶಿಸ್ತು ಕ್ರಮ ಬೇಕಾದರೆ ಮಂಡಳಿ ತಗೊಳ್ಳಲಿ ಅಂತಲೂ ಹೇಳಿತು. ಶ್ರೀಲಂಕಾ 2019ರಲ್ಲೇ ಇದಕ್ಕಾಗಿ ಪ್ರತ್ಯೇಕ ಕಾನೂನು ಮಾಡಿ ಹತ್ತು ವರ್ಷದವರೆಗೆ ಜೈಲು ಅಂದಿದೆ. ನಮ್ಮ ಕಾನೂನು ಆಯೋಗವೂ ಮೋಸದಾಟವನ್ನು ಅಪರಾಧ ಅಂತ ಘೋಷಿಸಿ ಎಂದು 2018ರಲ್ಲೇ ಶಿಫಾರಸು ಮಾಡಿತ್ತು, ಹೈಕೋರ್ಟ್ ಆ ಕೇಸು ರದ್ದು ಮಾಡುವ ಹೊತ್ತಿಗೂ ಅಂಥ ಕಾನೂನು ಬಂದಿರಲಿಲ್ಲ.