ಹಳೆಯ ನುಡಿ ಕಡತದಲ್ಲಿ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳು ಕಾಣುವುದೇಕೆ?

ಪ್ರಶ್ನೆ: ಕಂಪ್ಯೂಟರಿಗೆ ತಿಳಿಯುವುದು ಸಂಖ್ಯೆ ಮಾತ್ರ ಎನ್ನುತ್ತಾರೆ. ಹಾಗಾದರೆ ಅದು ಅಕ್ಷರವನ್ನು ಗುರುತಿಸುವುದು ಹೇಗೆ? ಇಪ್ಪತ್ತು ವರ್ಷಗಳ ಹಿಂದೆ 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಲೇಖನವನ್ನು ಈಗ ತೆರೆದರೆ ಇಂಗ್ಲಿಷ್ ಅಕ್ಷರಗಳೂ ವಿಚಿತ್ರ ಗುರುತುಗಳೂ ಕಾಣುವುದೇಕೆ?

ಉತ್ತರ: ಯಾವ ಸಂಖ್ಯೆ ಯಾವ ಅಕ್ಷರಕ್ಕೆ ಸಲ್ಲುತ್ತದೆ ಎಂಬ ಪಟ್ಟಿಯನ್ನು ಎಲ್ಲ ಕಂಪ್ಯೂಟರುಗಳೂ ಒಪ್ಪಿಕೊಂಡಿರಬೇಕು. 1963ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಆಸ್ಕಿ ಅಂಥದೊಂದು ಪಟ್ಟಿ. ಏಳು ಬಿಟ್‌ಗಳ (ಬಿಟ್ ಎಂದರೆ 0 ಅಥವಾ 1 ಎಂಬ ಒಂದು ಅಂಕಿ) ಈ ಪಟ್ಟಿಯಲ್ಲಿರುವುದು 128 ಸ್ಥಾನಗಳು. ಇಂಗ್ಲಿಷಿನ ದೊಡ್ಡ 'ಎ' 65, 1967ರಲ್ಲಿ ಸೇರಿದ ಸಣ್ಣ 'ಎ' 97. ಇವೆರಡರ ನಡುವಿನ ಅಂತರ 32, ಅಂದರೆ ಒಂದೇ ಒಂದು ಬಿಟ್. ನಾವು ಟೈಪ್ ಮಾಡುವ 5 ಎಂಬ ಅಂಕಿಯೂ ಅಲ್ಲಿ 53 ಆಗಿ ಉಳಿಯುತ್ತದೆ.

ಈ ಪಟ್ಟಿಯಲ್ಲಿ ಕನ್ನಡಕ್ಕೆ ಜಾಗವಿರಲಿಲ್ಲ. ಎಂಟು ಬಿಟ್‌ಗಳಿಗೆ ಹಿಗ್ಗಿಸಿದರೂ ಸಿಗುವುದು 256 ಸ್ಥಾನಗಳಾದ್ದರಿಂದ, 'ನುಡಿ' ಮತ್ತು 'ಬರಹ' ತಂತ್ರಾಂಶಗಳ ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಿದವು. ಅಲ್ಲಿ 'ಕ' ಎಂದರೆ ಅಕ್ಷರದ ಒಡಲಿಗೆ 80, ತಲೆಕಟ್ಟಿಗೆ 192; 'ಕಿ' ಎಂದರೆ 81. ಫಾಂಟ್ ಇಲ್ಲದ ಕಂಪ್ಯೂಟರ್ 80ನ್ನು ಕಂಡಾಗ ಇಂಗ್ಲಿಷಿನ 'ಪಿ' ಎಂದೇ ತೋರಿಸುತ್ತದೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ, 'ಕ' ಮತ್ತು 'ಕಿ' ಒಂದೇ ವ್ಯಂಜನದಿಂದ ಬಂದವು ಎಂಬ ಸಂಬಂಧವೇ ಆ ಸಂಖ್ಯೆಗಳಲ್ಲಿ ಉಳಿಯದಿರುವುದರಿಂದ, ಪದಗಳನ್ನು ಹುಡುಕುವುದೂ ಅಕಾರಾದಿಯಾಗಿ ಜೋಡಿಸುವುದೂ ಕಷ್ಟವಾಯಿತು. ಆದರೂ ಕನ್ನಡದಲ್ಲಿ ಪುಸ್ತಕ, ಪತ್ರಿಕೆಗಳನ್ನು ಅಚ್ಚು ಮಾಡಲು ಸಾಧ್ಯವಾಗಿಸಿದ ಆ ಉಪಾಯವನ್ನು ನಾನು ಕೃತಜ್ಞತೆಯಿಂದಲೇ ನೆನೆಯುತ್ತೇನೆ.

1991ರಲ್ಲಿ ಬಂದ ಯುನಿಕೋಡ್ ಎಂಬ ಹೊಸ ಪಟ್ಟಿ ಆಕಾರಕ್ಕಲ್ಲ, ಅಕ್ಷರಕ್ಕೆ ಸಂಖ್ಯೆ ಕೊಟ್ಟಿತು. ಅದರಲ್ಲಿ 'ಕ' 3221. 'ಕಿ' ಎಂದರೆ ಅದೇ 3221, ಅದರ ನಂತರ ಗುಡಿಸಿನ 3263. 'ಕ್ಷ' ಬರೆದರೆ ಕಡತದಲ್ಲಿ ಉಳಿಯುವುದು ಕ, ಹಲಂತ (ವ್ಯಂಜನಕ್ಕೆ ಸ್ವರವಿಲ್ಲ ಎಂದು ತೋರುವ ಗುರುತು), ಷ ಎಂಬ ಮೂರು ಸಂಖ್ಯೆಗಳು: 3221, 3277, 3255. ಷಕಾರವನ್ನು ಒತ್ತಾಗಿ ಕೂಡಿಸಿ ತೋರಿಸುವುದು ಫಾಂಟಿನ ಕೆಲಸ.

ಆದ್ದರಿಂದ ನಿಮ್ಮ ಕಡತ ಕೆಟ್ಟಿಲ್ಲ, ದಯವಿಟ್ಟು ಅಳಿಸಬೇಡಿ. ಟೈಪ್ ಮಾಡುವಾಗ ಬಳಸಿದ್ದ ಫಾಂಟನ್ನೇ ಹಾಕಿ ಆ ಪಠ್ಯಕ್ಕೆ ಅನ್ವಯಿಸಿದರೆ ಕನ್ನಡ ಮರಳಿ ಕಾಣುತ್ತದೆ. ಶಾಶ್ವತವಾಗಿ ಉಳಿಯಬೇಕಾದ ಬರಹವನ್ನು ಯುನಿಕೋಡ್ ಪರಿವರ್ತಕಕ್ಕೆ ಕೊಡಿ, ಅದು 80 ಮತ್ತು 192ರ ಜೋಡಿಯನ್ನು ಕಂಡಲ್ಲೆಲ್ಲ 3221 ಎಂದು ಬರೆಯುತ್ತದೆ. ಒತ್ತಕ್ಷರ, ಅರ್ಕಾವತ್ತುಗಳಿರುವ ಕಡೆ ಮಾತ್ರ ಒಮ್ಮೆ ಕಣ್ಣಾಡಿಸಿ.