ಖಾಲಿ ಬಿಟ್ಟ ಜಾಗದಲ್ಲಿ ಮೊದಲ ಪೆಟ್ಟು

ಮುಂಬೈಯ ಮಾಟುಂಗಾದ ನಮ್ಮ ಮನೆಯಲ್ಲಿ ಭಾನುವಾರದ ಊಟವಾದ ಮೇಲೆ ಹಳೆಯ ಹಿಂದಿ ಹಾಡುಗಳನ್ನು ಹಾಕಿಕೊಂಡು ಕೂರುವುದು ರೂಢಿ. ಒಮ್ಮೆ, 1962ರ ‘ಅನ್‌ಪಢ್’ ಚಿತ್ರಕ್ಕೆ ಮದನ್ ಮೋಹನ್ ಸಂಗೀತ ಕೊಟ್ಟು ಲತಾ ಮಂಗೇಶ್ಕರ್ ಹಾಡಿದ ‘ಆಪ್ ಕೀ ನಜ್‌ರೋಂ ನೇ ಸಮ್‌ಝಾ’ ಬರುತ್ತಿದ್ದಾಗ, ಹನ್ನೊಂದು ವರ್ಷದ ಮಗಳು ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕತೊಡಗಿದಳು. ಅವಳಿಗೆ ಗೊತ್ತಿರುವ ಬಹುಪಾಲು ಹಾಡುಗಳಂತೆ ಇದನ್ನೂ ನಾಲ್ಕು ನಾಲ್ಕಾಗಿ ಎಣಿಸಿಕೊಂಡಳು. ಎರಡು ಸುತ್ತು ಮುಗಿಯುವಷ್ಟರಲ್ಲಿ ಬೆರಳು ಒಂದು ಕಡೆ, ಹಾಡು ಒಂದು ಕಡೆ ಆಯಿತು. ಆಮೇಲೆ ತಬಲಾದ ‘ಗುಂ’ ಎನ್ನುವ ತಗ್ಗಿನ ಪೆಟ್ಟನ್ನು ಹುಡುಕಿ, ಅದನ್ನೇ ಆರಂಭವೆಂದು ಹಿಡಿದಳು. ಈಗ ಎಣಿಕೆ ತಪ್ಪಲಿಲ್ಲ, ಆದರೆ ಹಾಡಿನ ಸಾಲು ಒತ್ತು ಕೊಟ್ಟು ಕೂರುವ ಜಾಗ ಅವಳ ಎಣಿಕೆಯ ನಡುವೆಲ್ಲೋ ಬೀಳುತ್ತಿತ್ತು. ಉಡುಪಿ ಹೋಟೆಲಿನಲ್ಲಿ ನಲವತ್ತು ವರ್ಷ ದುಡಿದು ಈಗ ನಮ್ಮೊಂದಿಗಿರುವ ಚಿಕ್ಕಪ್ಪ ಪೇಪರಿನಿಂದ ತಲೆಯೆತ್ತದೆಯೇ, “ಅದು ತ್ರಿವುಡೆ ಅಲ್ವಾ ಮಗೂ” ಎಂದು ತೊಡೆಯ ಮೇಲೆ ಮೂರು, ಎರಡು, ಎರಡು ಎಂದು ತಟ್ಟಿ ತೋರಿಸಿದರು.

ಚಿಕ್ಕಪ್ಪನಿಗೆ ಹಿಂದೂಸ್ತಾನಿ ತಾಳಗಳ ಹೆಸರು ತಿಳಿಯದು. ಯಕ್ಷಗಾನದ ಭಾಗವತರ ಜಾಗಟೆಯನ್ನು ಬಾಲ್ಯದಿಂದ ಕೇಳಿದ ಅವರಿಗೆ ಏಳು ಅಕ್ಷರಗಳ ನಡೆ ನಡಿಗೆಯಷ್ಟೇ ಸಹಜ. ಆ ಹಾಡು ಇರುವುದು ರೂಪಕ ತಾಳದಲ್ಲಿ. (ಇಲ್ಲಿ ನಮ್ಮವರಿಗೆ ಒಂದು ತೊಡಕುಂಟು: ಕರ್ನಾಟಕ ಸಂಗೀತದ ರೂಪಕಕ್ಕೆ ಆರು ಅಕ್ಷರ, ಹಿಂದೂಸ್ತಾನಿ ರೂಪಕಕ್ಕೆ ಏಳು ಮಾತ್ರೆ. ಹೆಸರು ಒಂದೇ ಆದರೂ ಲೆಕ್ಕ ಬೇರೆ.) ಅದರ ಠೇಕಾ, ಅಂದರೆ ತಬಲಾದಲ್ಲಿ ಮರಳಿ ಮರಳಿ ನುಡಿಸುವ ಮೂಲ ನಡೆ, ಹೀಗಿದೆ: ತೀಂ ತೀಂ ನಾ, ಧೀಂ ನಾ, ಧೀಂ ನಾ. ‘ತೀಂ’ ಮತ್ತು ‘ನಾ’ ಬಲಗೈಯ ತಬಲಾದ ಬೋಲುಗಳು, ಅಂದರೆ ಪೆಟ್ಟುಗಳಿಗೆ ಬಾಯಲ್ಲಿ ಹೇಳುವ ಹೆಸರುಗಳು. ‘ಧೀಂ’ ನುಡಿಯುವಾಗ ಮಾತ್ರ ಎಡಗೈಯ ಡಗ್ಗಾ ಕೂಡಿಕೊಂಡು ತಗ್ಗಿನ ನಾದ ಹೊರಡುತ್ತದೆ. ಅಂದರೆ ಮೊದಲ ಮೂರು ಮಾತ್ರೆಗಳಲ್ಲಿ ಡಗ್ಗಾದ ಗುಂಗಿಲ್ಲ, ಅದು ಬರುವುದು ನಾಲ್ಕನೆಯ ಮತ್ತು ಆರನೆಯ ಮಾತ್ರೆಗಳಲ್ಲಿ. ಆವರ್ತನದ ಆರಂಭವಾದ ಸಮ್ ಬೇರೆ ತಾಳಗಳಲ್ಲಿ ಚಪ್ಪಾಳೆಯ ಜಾಗವಾದರೆ, ರೂಪಕದಲ್ಲಿ ಅದೇ ಖಾಲಿ. ಕೈ ತಟ್ಟದೆ ಬೀಸಿ ತೋರಿಸುವ ಜಾಗ. ಮಗಳ ಕಿವಿ ಹಿಡಿದದ್ದು ನಾಲ್ಕನೆಯ ಮಾತ್ರೆಯನ್ನು. ಅವಳು ತಪ್ಪಿದ್ದಕ್ಕೆ ಒಳ್ಳೆಯ ಕಾರಣವೇ ಇತ್ತು.

ಆ ಕಾರಣ ಕಿವಿಯ ರಚನೆಯಲ್ಲೇ ಇದೆ. ಎರಡು ಸ್ವರಗಳನ್ನು ಒಟ್ಟಿಗೆ ಕೇಳಿಸುತ್ತಾ ಆಗಾಗ ಒಂದನ್ನು ಚೂರು ಮುಂಚಿತವಾಗಿ ನುಡಿಸಿ ಮಿದುಳಿನ ವಿದ್ಯುತ್ ಸ್ಪಂದನಗಳನ್ನು ದಾಖಲಿಸಿದ ಸಂಶೋಧನೆಯೊಂದು 2014ರಲ್ಲಿ ಪ್ರಕಟವಾಯಿತು. ಹೊತ್ತು ತಪ್ಪಿದ್ದು ಎತ್ತರದ ಸ್ವರವಾದರೆ ಮಿದುಳಿನ ಪ್ರತಿಕ್ರಿಯೆ ಕಡಿಮೆಯಿತ್ತು, ತಗ್ಗಿನ ಸ್ವರವಾದರೆ ಹೆಚ್ಚಿತ್ತು. ಬೆರಳಿನಿಂದ ತಾಳ ಹಾಕುವವರೂ ತಗ್ಗಿನ ಸ್ವರದ ತಪ್ಪಿಗೇ ಹೆಚ್ಚು ಓಲಾಡಿದರು. ಇದರ ಮೂಲ ಒಳಕಿವಿಯ ಶಂಖದಲ್ಲೇ ಇರಬೇಕೆಂದು ಸಂಶೋಧಕರು ವಾದಿಸಿದರು. ರಾಗದ ವಿಷಯಕ್ಕೆ ಬಂದರೆ ಇದು ತಿರುವುಮುರುವು: ಹಲವು ದನಿಗಳಲ್ಲಿ ಎಲ್ಲಕ್ಕಿಂತ ಮೇಲಿರುವುದೇ ಸ್ಪಷ್ಟವಾಗಿ ಕೇಳಿಸುತ್ತದೆ. ಲತಾ ಅವರ ದನಿ ಮೇಲೆ, ಢೋಲಕ್ಕಿನ ಎಡ ಮಗ್ಗುಲು ಕೆಳಗೆ ಎಂಬ ಹಂಚಿಕೆಯನ್ನು ಮುಂಬೈಯ ಸಂಗೀತಗಾರರು ಯಾವ ಪ್ರಯೋಗಾಲಯವನ್ನೂ ಕೇಳದೆ ಕಂಡುಕೊಂಡಿದ್ದರು. ಶಂಕರ್-ಜೈಕಿಶನ್ ಜೋಡಿಯ ಸಹಾಯಕರಾಗಿದ್ದ ಗೋವಾ ಮೂಲದ ದತ್ತಾರಾಮ್ ವಾಡ್ಕರ್ ಅವರು ಢೋಲಕ್ಕಿಗೆ ಕೂರಿಸಿದ ನಡೆಯನ್ನು ವಾದಕರು ಇವತ್ತಿಗೂ ‘ದತ್ತಾರಾಮ್ ಠೇಕಾ’ ಎಂದೇ ಕರೆಯುತ್ತಾರೆ. ಒಬ್ಬ ವ್ಯಕ್ತಿಯ ಹೆಸರು ಒಂದು ನಡೆಗೆ ಅಂಟಿಕೊಳ್ಳುವುದು ಚಿಕ್ಕ ಗೌರವವಲ್ಲ.

ನಮ್ಮ ಚರ್ಮವಾದ್ಯಗಳಿಗೆ ಇನ್ನೊಂದು ಅನುಕೂಲವಿದೆ. ಸಾಮಾನ್ಯ ಡ್ರಮ್ಮಿನ ಚರ್ಮ ಕಂಪಿಸುವಾಗ ಏಳುವ ಮೇಲಿನ ಕಂಪನಗಳು ಮೂಲ ಕಂಪನದ ಪೂರ್ಣ ಗುಣಕಗಳಾಗಿರುವುದಿಲ್ಲ, ಆದ್ದರಿಂದ ಅದಕ್ಕೆ ಖಚಿತವಾದ ಶ್ರುತಿ ಇರುವುದಿಲ್ಲ. ಮೃದಂಗ, ತಬಲಾಗಳ ನಡುವಿನ ಕಪ್ಪು ಕರಣೆಯ ತೂಕವು ಆ ಕಂಪನಗಳನ್ನು ಗುಣಕಗಳ ಸಾಲಿಗೆ ಎಳೆದು ತರುತ್ತದೆ ಎಂದು ಸಿ.ವಿ. ರಾಮನ್ 1920ರಲ್ಲೇ ಸಹಲೇಖಕರೊಬ್ಬರೊಂದಿಗೆ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ತಬಲಾ ಹಾಡಿನ ಶ್ರುತಿಗೇ ಸೇರಿಕೊಳ್ಳುವುದರಿಂದ ಲಯವೂ ರಾಗವೂ ಒಂದೇ ಬಟ್ಟೆಯ ಹಾಸುಹೊಕ್ಕಾಗುತ್ತವೆ.

ಖಾಲಿಗೆ ಮರಳೋಣ. ಸದ್ದೇ ಕಡಿಮೆಯಿರುವ ಜಾಗದಲ್ಲಿ ಆರಂಭವಿದೆ ಎಂದು ಕೇಳುಗನಿಗೆ ತಿಳಿಯುವುದಾದರೂ ಹೇಗೆ? ತಾಳವೆಂಬುದು ಗಾಳಿಯಲ್ಲಿ ಬರುವ ವಸ್ತುವಲ್ಲ. ಬಂದ ಪೆಟ್ಟುಗಳಿಂದ ಮುಂದಿನ ಪೆಟ್ಟನ್ನು ಊಹಿಸುತ್ತಾ ಮಿದುಳು ತಾನೇ ಕಟ್ಟಿಕೊಳ್ಳುವ ಚೌಕಟ್ಟು. ಹಂಗೇರಿಯಲ್ಲಿ ಎರಡು-ಮೂರು ದಿನದ ಶಿಶುಗಳಿಗೆ ನಿದ್ದೆಯಲ್ಲಿದ್ದಾಗ ಡ್ರಮ್ಮಿನ ನಡೆಯೊಂದನ್ನು ಕೇಳಿಸಿ, ಆಗಾಗ ಮುಖ್ಯ ಪೆಟ್ಟನ್ನು ಬಿಟ್ಟು ನೋಡಿದಾಗ, ನಿರೀಕ್ಷೆ ಸುಳ್ಳಾದಾಗ ಏಳುವಂಥ ಅಲೆಯೇ ಅವುಗಳ ಮಿದುಳಿನಲ್ಲಿ ಎದ್ದಿತು. ಗೌಣ ಪೆಟ್ಟು ಬಿಟ್ಟಾಗ ಹಾಗಾಗಲಿಲ್ಲ. ಈ ಫಲಿತಾಂಶ ಬಂದದ್ದು 2009ರಲ್ಲಿ. ಬಾರದ ಪೆಟ್ಟನ್ನು ಕೇಳಿಸಿಕೊಳ್ಳುವ ಶಕ್ತಿ ಹುಟ್ಟಿನಿಂದಲೇ ನಮ್ಮಲ್ಲಿದೆ.

ಆದರೆ ಚೌಕಟ್ಟಿನ ಆಕಾರ ಹುಟ್ಟಿನಿಂದ ಬಂದದ್ದಲ್ಲ. 2005ರಲ್ಲಿ ಎರಿನ್ ಹ್ಯಾನನ್ ಮತ್ತು ಸ್ಯಾಂಡ್ರಾ ಟ್ರೆಹಬ್ ಅವರು ಬಾಲ್ಕನ್ ನಾಡಿನ, ಏಳರಂಥ ಅಸಮ ಎಣಿಕೆಯ ಸಂಗೀತವನ್ನು ಉತ್ತರ ಅಮೆರಿಕದವರಿಗೆ ಕೇಳಿಸಿ, ನಡೆ ಕೆಟ್ಟದ್ದು ಗೊತ್ತಾಗುತ್ತದೆಯೇ ಎಂದು ಪರೀಕ್ಷಿಸಿದರು. ದೊಡ್ಡವರಿಗೆ ಗೊತ್ತಾಗಲಿಲ್ಲ, ಆರು ತಿಂಗಳ ಕೂಸುಗಳಿಗೆ ಗೊತ್ತಾಯಿತು. ಹನ್ನೆರಡು ತಿಂಗಳಿನ ಹೊತ್ತಿಗೆ ಕೂಸುಗಳೂ ದೊಡ್ಡವರಂತಾಗಿದ್ದವು. ಆದರೂ ಮನೆಯಲ್ಲಿ ಕೆಲವು ದಿನ ಆ ಸಂಗೀತವನ್ನು ಕೇಳಿಸಿದರೆ ಅವುಗಳಿಗೆ ಆ ಸೂಕ್ಷ್ಮ ಮರಳಿ ಬಂತು, ದೊಡ್ಡವರಿಗೆ ಅಷ್ಟು ಸುಲಭವಾಗಿ ಬರಲಿಲ್ಲ. ಬಲ್ಗೇರಿಯ, ಮ್ಯಾಸಿಡೋನಿಯ ಮೂಲದ ದೊಡ್ಡವರಿಗೆ ಮಾತ್ರ ಅಸಮ ನಡೆ ಎಂದೂ ಕಷ್ಟವಾಗಿರಲಿಲ್ಲ. ಇದನ್ನು ಓದಿದಾಗ ನನಗೆ ನೆನಪಾದದ್ದು ಚಿಕ್ಕಪ್ಪನ ತೊಡೆಯ ಮೇಲಿನ ಬೆರಳುಗಳು. ಕ್ಲಿಷ್ಟ ತಾಳ, ಸರಳ ತಾಳ ಎಂದು ನಾವು ಮಾಡುವ ವಿಂಗಡಣೆಯಲ್ಲಿ ಹೆಚ್ಚಿನ ಪಾಲು ನಾವು ಬೆಳೆದ ಮನೆಯದು, ಕೇಳಿ ಬೆಳೆದ ಆಟ-ಭಜನೆಗಳದು ಎಂಬುದು ನನ್ನ ದೃಢ ನಂಬಿಕೆ. ಹಿಂದಿ ಸಿನಿಮಾ ಹಾಡುಗಳ ದೊಡ್ಡ ಪಾಲು ಎಂಟು ಮಾತ್ರೆಯ ಕಹರವಾ, ಇಲ್ಲವೇ ಆರು ಮಾತ್ರೆಯ ದಾದರಾದಲ್ಲಿ ಇರುವುದರಿಂದ, ಅವನ್ನಷ್ಟೇ ಕೇಳಿ ಬೆಳೆದ ಮಗು ಏಳಕ್ಕೆ ಎಡವುವುದು ಸಹಜ.

ಲಯ ಕೂಡಿದ ಮೇಲೆ ಅರೇಂಜ್‌ಮೆಂಟ್ ಕೇಳಿಸತೊಡಗುತ್ತದೆ. ಮುಂಬೈಯ ಪದ್ಧತಿಯಲ್ಲಿ ಸಂಗೀತ ನಿರ್ದೇಶಕರು ಹಾರ್ಮೋನಿಯಂ ಮೇಲೆ ಧಾಟಿ ಕಟ್ಟುತ್ತಿದ್ದರು. ಅದಕ್ಕೆ ವಯಲಿನ್, ಚೆಲ್ಲೊ, ಕೊಳಲು, ತುತ್ತೂರಿಗಳು ಎಲ್ಲಿ, ಏನು ನುಡಿಸಬೇಕೆಂದು ಸ್ಟಾಫ್ ನೊಟೇಶನ್ನಿನಲ್ಲಿ ಬರೆದುಕೊಡುತ್ತಿದ್ದವರು ಅರೇಂಜರ್‌ಗಳು. ಅವರಲ್ಲಿ ಅನೇಕರು ಗೋವಾದವರು. ಪೋರ್ಚುಗೀಸರ ಕಾಲದ ಚರ್ಚ್ ಶಾಲೆಗಳಲ್ಲಿ ಹುಡುಗರಿಗೆ ವಯಲಿನ್ನನ್ನೂ ಸ್ವರಲಿಪಿಯನ್ನೂ ಕಲಿಸುತ್ತಿದ್ದುದರಿಂದ ಓದಿ ನುಡಿಸುವ ವಿದ್ಯೆ ಅವರಿಗಿತ್ತು. ಸೆಬಾಸ್ಟಿಯನ್ ಡಿಸೋಜಾ, ಫ್ರಾಂಕ್ ಫರ್ನಾಂಡ್, ಚಿಕ್ ಚಾಕಲೇಟ್ ಎಂದೇ ಹೆಸರಾದ ಆಂಟೋನಿಯೋ ಜೇವಿಯರ್ ವಾಜ್ ಹಾಗೆ ಬಂದವರು. ಮಜೋರ್ಡಾ ಊರಿನ ಆಂಟನಿ ಗೋನ್ಸಾಲ್ವಿಸ್ ಮುಂದೆ ಲಕ್ಷ್ಮೀಕಾಂತ್-ಪ್ಯಾರೇಲಾಲ್ ಜೋಡಿಯ ಪ್ಯಾರೇಲಾಲರಿಗೆ ವಯಲಿನ್ ಕಲಿಸಿದವರು; 1958ರಲ್ಲಿ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ದೊಡ್ಡ ವಾದ್ಯವೃಂದವನ್ನು ಕೂಡಿಸಿ ರಾಗಾಧಾರಿತ ಕೃತಿಗಳನ್ನು ನುಡಿಸಿಸಿದವರು.

ಹಾಡಿನ ಹಿಂದೆ ಹರಿಯುವ ಎರಡನೆಯ ಧಾಟಿಯನ್ನು ಈ ವಾದಕರು ‘ಒಬ್ಲಿಗಾಟೊ’ ಎನ್ನುತ್ತಿದ್ದರು. ಅದರ ಗುಟ್ಟು ಜಾಗದ ಆಯ್ಕೆಯಲ್ಲಿದೆ. ಗಾಯಕಿ ಪದಗಳನ್ನು ಉಚ್ಚರಿಸುವಾಗ ವಯಲಿನ್‌ಗಳು ಒಂದೇ ಸ್ವರ ಹಿಡಿದು ನಿಲ್ಲುತ್ತವೆ. ಅವರು ಸಾಲಿನ ಕೊನೆಯ ಸ್ವರವನ್ನು ನೀಳವಾಗಿ ಹಿಡಿದು ನಿಂತಾಗ ಇವು ಚಲಿಸುತ್ತವೆ. ಒಟ್ಟಿಗೆ ಆರಂಭವಾಗುವ ಸದ್ದುಗಳನ್ನು ಮಿದುಳು ಒಂದೇ ಮೂಲದ್ದೆಂದು ಬೆಸೆಯುತ್ತದೆ, ಬೇರೆ ಬೇರೆ ಹೊತ್ತಿಗೆ ಆರಂಭವಾಗುವುದನ್ನು ಬೇರ್ಪಡಿಸುತ್ತದೆ ಎಂದು ಕೆನಡಾದ ಮನೋವಿಜ್ಞಾನಿ ಆಲ್ಬರ್ಟ್ ಬ್ರೆಗ್ಮನ್ ವಿಸ್ತಾರವಾಗಿ ತೋರಿಸಿದ್ದಾರೆ. ಆದ್ದರಿಂದಲೇ ಮೂವತ್ತು ತಂತಿವಾದ್ಯಗಳು ಹಿಂದಿದ್ದರೂ ಸಾಹಿತ್ಯದ ಒಂದಕ್ಷರವೂ ಮುಳುಗುವುದಿಲ್ಲ. ಡೇವಿಡ್ ಹ್ಯೂರಾನ್ 1989ರಲ್ಲಿ ನುರಿತ ಸಂಗೀತಗಾರರಿಗೇ ಹಲವು ದನಿಗಳ ಕೃತಿಯೊಂದನ್ನು ಕೇಳಿಸಿ, ಈಗ ಎಷ್ಟು ದನಿಗಳಿವೆ ಎಂದು ಎಣಿಸಲು ಹೇಳಿದ್ದರು. ಮೂರರವರೆಗೆ ಎಣಿಕೆ ಸರಿಯಾಗಿತ್ತು, ಅದರಾಚೆಗೆ ಅವರೂ ತಪ್ಪತೊಡಗಿದರು. ಒಳ್ಳೆಯ ಹಳೆಯ ಹಾಡನ್ನು ಈ ಕಣ್ಣಿನಿಂದ ನೋಡಿದರೆ, ಯಾವ ಗಳಿಗೆಯಲ್ಲೂ ಚಲಿಸುತ್ತಿರುವುದು ಹೆಚ್ಚೆಂದರೆ ಮೂರು ಎಳೆಗಳು: ದನಿ, ಲಯ, ಮತ್ತು ಇನ್ನೊಂದು. ಆ ‘ಇನ್ನೊಂದು’ ಮಾತ್ರ ಕೊಳಲಿನಿಂದ ಸಿತಾರಿಗೆ, ಸಿತಾರಿನಿಂದ ಚೆಲ್ಲೊಗೆ ಕೈಬದಲಾಗುತ್ತಿರುತ್ತದೆ. ಗಾಯಕರೂ ವಾದ್ಯವೃಂದವೂ ಒಂದೇ ಕೋಣೆಯಲ್ಲಿ ಒಟ್ಟಿಗೆ ಧ್ವನಿಮುದ್ರಣ ಮಾಡುತ್ತಿದ್ದ ಕಾಲದಲ್ಲಿ, ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ ನುಡಿಸಬೇಕಾಗುತ್ತಿದ್ದಾಗ, ಈ ಕೈಬದಲು ಕೂದಲೆಳೆಯಷ್ಟೂ ಹಿಂದುಮುಂದಾಗದೆ ನಡೆದಿದೆ ಎಂಬುದು ನನಗೆ ಇಂದಿಗೂ ರೋಮಾಂಚನದ ಸಂಗತಿ.

ಇಂಟರ್‌ಲೂಡ್ ಮುಗಿದು ಚರಣಕ್ಕೆ ಹೊರಳುವ ಕಡೆ ಕೆಲವೊಮ್ಮೆ ತಿಹಾಯಿ ಇರುತ್ತದೆ: ಒಂದೇ ತುಣುಕು ಮೂರು ಸಲ ಬಂದು, ಕೊನೆಯ ಪೆಟ್ಟು ಸಮ್‌ಗೆ ಬೀಳುತ್ತದೆ. ಕಹರವಾದ ಎರಡು ಆವರ್ತನಗಳಿಗೆ ಹದಿನಾರು ಮಾತ್ರೆ, ಮುಂದಿನ ಸಮ್ ಹದಿನೇಳನೆಯದು. ಐದು ಮಾತ್ರೆಯ ತುಣುಕು, ಒಂದು ಮಾತ್ರೆಯ ಬಿಡುವು, ಮತ್ತೆ ಐದು, ಮತ್ತೆ ಬಿಡುವು, ಮತ್ತೆ ಐದು ಎಂದರೆ ಸರಿಯಾಗಿ ಹದಿನೇಳು. ಎರಡನೆಯ ಸಲ ಬಂದಾಗ ಕಿವಿಗೆ ಲೆಕ್ಕ ಹೊಳೆಯುತ್ತದೆ, ಮೂರನೆಯದಕ್ಕೆ ಮೈಯೇ ಮುಂದಕ್ಕೆ ಬಾಗುತ್ತದೆ.

ಒಂದು ಸಲ ಕೇಳಿ ಇದೆಲ್ಲ ಹಿಡಿಯುವುದು ಯಾರಿಗೂ ಆಗದು, ಗಮನವನ್ನು ಒಂದೊಂದು ಎಳೆಗೆ ಒಂದೊಂದು ಸಲ ಕೊಡಬೇಕು. ಕನ್ನಡದಲ್ಲಿ ಇದಕ್ಕೆ ನಾನು ಆರಿಸುವುದು 1981ರ ‘ಗೀತಾ’ ಚಿತ್ರದ, ಇಳಯರಾಜ ಸಂಗೀತದ ‘ಜೊತೆಯಲಿ ಜೊತೆಜೊತೆಯಲಿ’. ಹಾಡುಗಾರರನ್ನು ಬಿಟ್ಟು, ಬೇಸ್ ಗಿಟಾರನ್ನೊಂದೇ ಮೊದಲಿನಿಂದ ಕೊನೆಯವರೆಗೆ ಹಿಂಬಾಲಿಸಬೇಕು, ಮರುಸಲ ವಯಲಿನ್‌ಗಳನ್ನು.

ಮಗಳು ಈಗ ಆ ಏಳರ ಹಾಡನ್ನು ‘ತಕಿಟ ತಕ ಧಿಮಿ’ ಎಂದು ಬಾಯಲ್ಲಿ ಹೇಳಿಕೊಂಡು ಕೇಳುತ್ತಾಳೆ. ಮೊದಲ ಅಕ್ಷರಕ್ಕೆ ಬೆರಳು ಮೇಜು ಮುಟ್ಟುವುದಿಲ್ಲ, ಗಾಳಿಯಲ್ಲೇ ನಿಲ್ಲುತ್ತದೆ. ಚಿಕ್ಕಪ್ಪನಿಗೆ ಮಾತ್ರ ಅದು ಒಪ್ಪಿಗೆಯಿಲ್ಲ. ಭಾಗವತರು ಅಲ್ಲಿ ಜಾಗಟೆ ಬಾರಿಸದೆ ಬಿಡುವುದಿಲ್ಲ ಎನ್ನುತ್ತಾರೆ.